ಗುಂಡಿಯಿಂದ ಅಕ್ಷರಕ್ಕೆ

ಗಣಕಯಂತ್ರದಲ್ಲಿ ‘ಕಾರ್ಕಳ’ ಎಂದು ಬರೆಯಲು ‘ಕ’ದ ಗುಂಡಿಯನ್ನು ಒತ್ತಿದೊಡನೆ ಅಕ್ಷರವೇ ಒಳಹೋಗುವುದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಹೋಗುವುದು ಆ ಗುಂಡಿಯ ಕ್ರಮಸಂಖ್ಯೆ ಮಾತ್ರ. ಕೀಲಿಮಣೆಗೆ ಭಾಷೆ ತಿಳಿಯದು.

ಸಂಖ್ಯೆ ಬಂದಿತೆಂಬ ಸೂಚನೆ ದೊರೆತೊಡನೆ ಕಾರ್ಯಾಚರಣ ವ್ಯವಸ್ಥೆಯು ನಡೆಯುತ್ತಿರುವ ಕೆಲಸವನ್ನು ಕ್ಷಣಕಾಲ ನಿಲ್ಲಿಸಿ, ಅದನ್ನು ಸ್ವೀಕರಿಸಿ ಸರದಿಯಲ್ಲಿರಿಸುತ್ತದೆ. ಬಳಿಕ ಒಂದು ಪಟ್ಟಿಯನ್ನು ನೋಡಿ ಅಕ್ಷರವನ್ನು ಗೊತ್ತುಮಾಡುತ್ತದೆ. ಪಟ್ಟಿ ಬದಲಾದರೆ ಅದೇ ಗುಂಡಿ ಇಂಗ್ಲಿಷನ್ನೂ ಬರೆದೀತು, ಕನ್ನಡವನ್ನೂ ಬರೆದೀತು. ಮಣಿಪಾಲದಲ್ಲಿ ಅಧ್ಯಾಪಕರಾಗಿದ್ದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಇಂತಹ ಗುಂಡಿಗಳ ವಿನ್ಯಾಸವನ್ನು ರಚಿಸಿದರು. ಕರ್ನಾಟಕ ಸರಕಾರವು ಅದನ್ನು ಅಂಗೀಕರಿಸಿತು.

ಹೀಗೆ ‘ಕಾರ್ಕಳ’ವು ಯೂನಿಕೋಡ್ ಪದ್ಧತಿಯಂತೆ 3221, 3262, 3248, 3277, 3221, 3251 ಎಂಬ ಆರು ಸಂಖ್ಯೆಗಳಾಗಿ ಯಂತ್ರದ ಸ್ಮೃತಿಯಲ್ಲಿ ನಿಲ್ಲುತ್ತದೆ. ಇಲ್ಲಿ ರಕಾರವು (3248), ಉಚ್ಚಾರಣೆಯಲ್ಲಿರುವಂತೆಯೇ, ಎರಡನೆಯ ‘ಕ’ಕ್ಕಿಂತ ಮೊದಲಿದೆ. ತೆರೆಯ ಮೇಲಾದರೋ ಅದು ಅರ್ಕಾವೊತ್ತಾಗಿ ‘ಕ’ದ ಬಲಕ್ಕೆ ಸರಿಯುತ್ತದೆ. ಈ ಸ್ಥಾನಪಲ್ಲಟ ಕಣ್ಣಿಗಾಗಿ ಮಾತ್ರ. ಅದು ಅಕ್ಷರಗಳನ್ನು ಚಿತ್ರಿಸುವ ಬೇರೊಂದು ವಿಭಾಗದ ಕೆಲಸ.

ಹಿಂದೆ ಅಕ್ಷರದ ಆಕಾರಗಳನ್ನೇ ಕೂಡಿಡುತ್ತಿದ್ದಾಗ ಒಂದು ಯಂತ್ರದ ಲೇಖನವು ಇನ್ನೊಂದರಲ್ಲಿ ಗೋಜಲಾಗುತ್ತಿತ್ತು. ಸ್ವೀಕಾರ, ಸಂಗ್ರಹ, ಪ್ರದರ್ಶನಗಳು ಬೇರೆಬೇರೆಯಾದುದರಿಂದಲೇ ಇಂದು ಉಡುಪಿಯಲ್ಲಿ ಬರೆದ ಪದವನ್ನು ಕಾಪುವಿನ ವಿದ್ಯಾರ್ಥಿಯು ಯಾವ ಯಂತ್ರದಲ್ಲಾದರೂ ಓದಬಲ್ಲನು, ಹುಡುಕಬಲ್ಲನು.