ಗೀಳು ಕಾಯಿಲೆ: ಅದು ಹಠವೂ ಅಲ್ಲ, ಮಡಿಯೂ ಅಲ್ಲ

ಬಾಗಿಲಿಗೆ ಬೀಗ ಹಾಕಿದೆವೋ ಇಲ್ಲವೋ ಎಂದು ಒಮ್ಮೆ ಹಿಂತಿರುಗಿ ನೋಡುವುದು ನಮ್ಮೆಲ್ಲರಿಗೂ ಇರುವ ಅಭ್ಯಾಸ. ಆದರೆ 20 ಸಲ ಎಳೆದು ನೋಡಿದರೂ ಸಂಶಯ ಹೋಗದೆ, ಬಸ್ಸು ತಪ್ಪಿ, ಕೆಲಸ ಕೆಟ್ಟರೂ ಮತ್ತೆ ನೋಡಲೇಬೇಕೆನಿಸಿದರೆ ಅದು ಕಾಯಿಲೆಯ ಲಕ್ಷಣ. ಇದನ್ನು ವೈದ್ಯರು ಗೀಳು ಮನೋರೋಗ ಅಥವಾ ಓಸಿಡಿ ಎನ್ನುತ್ತಾರೆ. 100 ಜನರಲ್ಲಿ ಸುಮಾರು ಒಬ್ಬರಿಗೆ ಇದು ಇರಬಹುದು. ಹೆಚ್ಚಾಗಿ ಹದಿಹರೆಯದಲ್ಲಿ ಅಥವಾ ಯೌವನದಲ್ಲಿ ಶುರುವಾಗುತ್ತದೆ.

ಲಕ್ಷಣಗಳೇನು?

ಈ ಕಾಯಿಲೆಗೆ ಎರಡು ಮುಖಗಳಿವೆ. ಬೇಡವೆಂದರೂ ಮನಸ್ಸಿಗೆ ನುಗ್ಗಿ ಬರುವ ಯೋಚನೆ ಒಂದು. ಅದರ ಕಳವಳ ತಗ್ಗಿಸಲು ಮತ್ತೆ ಮತ್ತೆ ಮಾಡುವ ಕೆಲಸ ಇನ್ನೊಂದು. ಕೈ ತೊಳೆಯುವುದು, ಎಣಿಸುವುದು, ಜೋಡಿಸುವುದು, ಪರೀಕ್ಷಿಸುವುದು ಹೊರಗೆ ಕಾಣುತ್ತವೆ. ಕಾಣದವೂ ಇವೆ. ಹೆತ್ತ ಮಗುವಿಗೇ ಕೇಡು ಮಾಡಿಬಿಡುವೆನೇನೋ ಎಂಬ ಭಯ, ಪ್ರಾರ್ಥನೆಯ ವೇಳೆ ಬರುವ ಕೆಟ್ಟ ಚಿತ್ರಗಳು. ಇಂಥ ಯೋಚನೆ ಅವರ ಬಯಕೆಯಲ್ಲ; ಅದಕ್ಕೆ ಅವರೇ ಎಲ್ಲರಿಗಿಂತ ಹೆಚ್ಚು ಹೆದರುತ್ತಾರೆ, ನಾಚಿಕೆಯಿಂದ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ.

ಚಿತ್ರದುರ್ಗ ಜಿಲ್ಲೆ ಮಳೆ ಕಡಿಮೆಯಿರುವ ಸೀಮೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಬೇಸಿಗೆಯ ನೀರಿನ ಬವಣೆ ಎಲ್ಲರಿಗೂ ಗೊತ್ತು. ಅಂಥ ಮನೆಯಲ್ಲಿ ಒಬ್ಬರು ಕೊಡಗಟ್ಟಲೆ ನೀರು ಸುರಿದುಕೊಂಡರೆ ಮೊದಲು ಜಗಳ ಏಳುವುದು ನೀರಿನ ಮೇಲೆಯೇ. "ಇವಳಿಗೆ ಮಡಿ ಹುಚ್ಚು", "ಇವನದು ಹಠ" ಎಂಬ ಮಾತಿನಲ್ಲಿ ಕಾಯಿಲೆ ಮುಚ್ಚಿಹೋಗುತ್ತದೆ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುವುದರಲ್ಲಿ ಇನ್ನಷ್ಟು ಕಾಲ ಕಳೆಯುತ್ತದೆ.

ಭಕ್ತಿಯ ವೇಷದಲ್ಲಿ

ನಮ್ಮಲ್ಲಿ ಕೆಲವರಿಗೆ ಎಷ್ಟು ಸಲ ಪಾಪನಿವೇದನೆ ಮಾಡಿದರೂ ಕ್ಷಮೆ ದೊರೆತಿಲ್ಲವೆಂಬ ಸಂಶಯ ಕಾಡುತ್ತದೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಅವರೂ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇಂಥದೇ ಸಂಶಯದಿಂದ ನರಳಿದ್ದರು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ನಿರ್ಧರಿಸಿದ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು. ಇಂಥವರಿಗೆ ಇನ್ನಷ್ಟು ಜಪ ಹೇಳಿಕೊಡುವ ಬದಲು ವೈದ್ಯರ ಬಳಿ ಕಳುಹಿಸುವುದೇ ನಿಜವಾದ ಆರೈಕೆ.

ಚಿಕಿತ್ಸೆ ಇದೆ

ಮೊದಲನೆಯದು ವರ್ತನಾ ಚಿಕಿತ್ಸೆ. ಭಯ ಹುಟ್ಟಿಸುವ ವಸ್ತುವನ್ನು ಮುಟ್ಟಿ, ಕೈ ತೊಳೆಯದೆ ಇರುವುದನ್ನು ತಜ್ಞರು ಹಂತಹಂತವಾಗಿ ಕಲಿಸುತ್ತಾರೆ. ಕಳವಳ ಮೊದಲು ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಎರಡನೆಯದು ಫ್ಲೂಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳು. ಇವು ನಿದ್ದೆ ಮಾತ್ರೆಗಳಲ್ಲ. ಗುಣ ಕಾಣಲು 8ರಿಂದ 12 ವಾರ ಬೇಕಾಗಬಹುದು. ಗುಣ ಕಂಡಿತೆಂದು ನಾವೇ ನಿಲ್ಲಿಸಬಾರದು.

ಮನೆಯವರ ಪಾತ್ರ ದೊಡ್ಡದು. "ಕೈ ಶುದ್ಧವಾಯಿತೇ?" ಎಂದು ಹತ್ತು ಸಲ ಕೇಳಿದಾಗ ಹತ್ತು ಸಲವೂ "ಆಯಿತು" ಎಂದರೆ ಗೀಳಿಗೆ ನೀರೆರೆದಂತೆ. ಬೈದರೆ ಕಳವಳ ಹೆಚ್ಚುತ್ತದೆ. "ಇದು ನಿನ್ನ ಕಾಯಿಲೆ ಕೇಳುತ್ತಿರುವ ಪ್ರಶ್ನೆ, ನಾನು ನಿನ್ನ ಜೊತೆಗಿದ್ದೇನೆ" ಎಂದು ಶಾಂತವಾಗಿ ಹೇಳೋಣ.

ಎಲ್ಲಿಗೆ ಹೋಗಬೇಕು?

ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ರಾಜ್ಯ ಸರಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮ ಆಸ್ಪತ್ರೆಯ ದಿನವನ್ನು ವಿಚಾರಿಸಿಕೊಂಡು ಹೋಗಿ. ಕಾಯಿಲೆ ತೀವ್ರವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. "ಬದುಕೇ ಬೇಡ" ಎಂಬ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ.

ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳಲು ನಾವು ನಾಚುವುದಿಲ್ಲ. ಗೀಳಿಗೂ ನಾಚಬೇಕಾಗಿಲ್ಲ. ನಮ್ಮ ಮನೆಯಲ್ಲಿ, ನೆರೆಯಲ್ಲಿ ಹೀಗೆ ನರಳುವವರಿದ್ದರೆ ಅವರನ್ನು ನಗೆಪಾಟಲು ಮಾಡದೆ, ಆಸ್ಪತ್ರೆಯ ತನಕ ಜೊತೆಯಲ್ಲಿ ಹೋಗೋಣ.