ಕಲಿತ ಕೈ ಊರಲ್ಲೇ ನಿಲ್ಲಬೇಕಾದರೆ



ನಮ್ಮ ದಾನಿಗಳಲ್ಲಿ ಅನೇಕರು ವರ್ಕ್‌ಶಾಪ್, ಗ್ಯಾರೇಜ್, ರೈಸ್‌ಮಿಲ್, ಮಂಡಕ್ಕಿ ಭಟ್ಟಿ, ಬಟ್ಟೆ ಅಂಗಡಿ ನಡೆಸುವವರು. ಭೇಟಿಯಾದಾಗಲೆಲ್ಲ ಅವರ ಮಾತು ಒಂದೇ: ಆರ್ಡರ್ ಇದೆ, ಮಷಿನ್ ಇದೆ, ಕೆಲಸ ಬಲ್ಲ ಆಳು ಸಿಗುವುದಿಲ್ಲ, ಸಿಕ್ಕವನು ನಿಲ್ಲುವುದಿಲ್ಲ. ಅರ್ಜಿ ಹಿಡಿದು ಬರುವ ತಂದೆ ತಾಯಂದಿರ ಮಾತು ಇನ್ನೊಂದು: ಓದಿಸಿದ್ದೇವೆ, ಊರಲ್ಲಿ ಕೆಲಸ ಎಲ್ಲಿದೆ? ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಓಣಿಯಲ್ಲಿ, ಈ ಎರಡು ದೂರುಗಳೂ ಒಟ್ಟಿಗೆ ಇವೆ. ಒಬ್ಬರ ದಾನದಲ್ಲಿ ಇನ್ನೊಬ್ಬರ ಮಗು ಓದುತ್ತದೆ, ಆದರೆ ಓದು ಮುಗಿದ ಮೇಲೆ ಇಬ್ಬರೂ ಪರಸ್ಪರ ಭೇಟಿಯಾಗುವುದೇ ಇಲ್ಲ. ಆ ಕಾರಣದಿಂದ ಈ ವರ್ಷದ ವರದಿಯಲ್ಲಿ ಈ ವಿಷಯಕ್ಕೆ ಒಂದೆರಡು ಪುಟ ಕೊಟ್ಟಿದ್ದೇವೆ.

ನಮ್ಮ ಭಾಗಕ್ಕೆ ಕುಶಲ ಕೆಲಸಗಾರರು ಹೊಸಬರಲ್ಲ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವಿತ್ತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಹೋದವು. ಕಾರ್ಖಾನೆಯ ಜಾಗಕ್ಕೆ ಯಂತ್ರಪುರ ಎಂದೇ ಹೆಸರು ಬಂತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಟರ್ನರ್, ಫಿಟ್ಟರ್, ಮೋಲ್ಡರ್ ಎಂಬ ಮಾತುಗಳು ಸಾರಥಿಯಂಥ ಸುತ್ತಲಿನ ಹಳ್ಳಿಗಳ ಮನೆಗಳಲ್ಲೂ ಕೇಳಿಬರುತ್ತಿದ್ದವು. ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. ಈ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಕಸುಬು ಬಲ್ಲವರು ಕೆಲವರು ಸ್ವಂತ ಲೇತ್ ಹಾಕಿಕೊಂಡರು, ಕೆಲವರು ಬೆಂಗಳೂರು ಹಿಡಿದರು. ಆಗ ಕೆಲಸಕ್ಕಾಗಿ ಜನ ಕಾಯುತ್ತಿದ್ದರು. ಈಗ ಜನಕ್ಕಾಗಿ ಕೆಲಸ ಕಾಯುತ್ತಿದೆ. ಆದರೆ ಹಲವು ಮಾಲೀಕರ ರೂಢಿ ಮಾತ್ರ ಆ ಹಳೆಯ ಕಾಲದ್ದೇ ಉಳಿದಿದೆ: ಒಬ್ಬ ಹೋದರೆ ಗೇಟಿನ ಹೊರಗೆ ಹತ್ತು ಜನ ನಿಂತಿರುತ್ತಾರೆ ಎಂಬ ಭರವಸೆ.

ಗೇಟಿನ ಹೊರಗೆ ಈಗ ಯಾರೂ ನಿಂತಿಲ್ಲ. ಹೆದ್ದಾರಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಹುಡುಗ ಪೀಣ್ಯದಲ್ಲಿ ಇಳಿಯುತ್ತಾನೆ. ಇನ್ನೂ ಸ್ವಲ್ಪ ಧೈರ್ಯವಿದ್ದವನು ದಮ್ಮಾಮ್, ದುಬೈ ಎನ್ನುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ; ಹೊರಗೆ ದುಡಿದವರ ಹಣದಿಂದ ನಮ್ಮಲ್ಲಿ ಎಷ್ಟೋ ಮನೆಗಳು ಎದ್ದಿವೆ, ನಮ್ಮ ಟ್ರಸ್ಟಿಗೂ ಅವರಲ್ಲಿ ದಾನಿಗಳಿದ್ದಾರೆ. ಆದರೆ ಎಲ್ಲರೂ ಹೋಗುವುದು ಆಸೆಯಿಂದಲ್ಲ. ಊರಲ್ಲಿ ನಿಲ್ಲಲು ಕಾರಣ ಕಾಣದೆ ಹೋಗುವವರೂ ಬಹಳ.

ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಹಿಡಿದ ಅಂಕಿಗಳು ಇವು. ಹರಿಹರದ ವರ್ಕ್‌ಶಾಪ್ ಒಂದರಲ್ಲಿ ಟರ್ನರ್‌ಗೆ ತಿಂಗಳಿಗೆ 18,000 ರೂ. ಸಂಬಳ. ಅವನು 21,000 ಕೇಳುತ್ತಾನೆ. ಮಾಲೀಕರು ಒಪ್ಪುವುದಿಲ್ಲ, ಅವನು ಹೋಗುತ್ತಾನೆ. ವರ್ಷಕ್ಕೆ ಉಳಿದದ್ದು 36,000 ರೂ. ಹೊಸಬ ಸಿಗುವವರೆಗೆ ಲೇತ್ ಒಂದು ತಿಂಗಳು ನಿಂತಿತು ಎನ್ನಿ. ಗಂಟೆಗೆ 250 ರೂ. ಕೆಲಸ, ದಿನಕ್ಕೆ 8 ಗಂಟೆ, 25 ದಿನ: 50,000 ರೂ. ವಹಿವಾಟು ಹೋಯಿತು. ಹೊಸಬ ಬಂದ ಮೇಲೂ ಎರಡು ತಿಂಗಳು ಅರ್ಧ ಕೆಲಸವೇ. ಅಲ್ಲಿ ಇನ್ನೊಂದು 50,000. ಹಾಳಾದ ಜಾಬ್, ಮುರಿದ ಟೂಲ್, ಹೊತ್ತಿಗೆ ಮಾಲು ಸಿಗದೆ ಬೇರೆ ಕಡೆ ಹೋದ ಗಿರಾಕಿ, ಇವು ಲೆಕ್ಕಕ್ಕೇ ಬಂದಿಲ್ಲ. ಹೋದ ವಹಿವಾಟೆಲ್ಲ ಲಾಭವಲ್ಲ, ನಿಜ. ಆದರೂ ಮೂರು ಸಾವಿರ ಉಳಿಸಿದೆ ಎಂಬ ಸಮಾಧಾನ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಅದೇ ಲೆಕ್ಕವನ್ನು ಹುಡುಗನ ಕಡೆಯಿಂದಲೂ ನೋಡಬೇಕು. ಬೆಂಗಳೂರಿನಲ್ಲಿ 25,000 ಎಂದರೆ ಕಿವಿಗೆ ಇಂಪು. ರೂಮಿನ ಬಾಡಿಗೆಯ ಪಾಲು 6,000, ಊಟ 4,500, ಓಡಾಟ ಮತ್ತು ಊರಿಗೆ ಬಂದುಹೋಗುವ ಖರ್ಚು 2,500 ಎಂದರೆ ಕೈಯಲ್ಲಿ ಉಳಿಯುವುದು 12,000. ಮನೆಯಿಂದಲೇ ಹೋಗಿಬರುವ ಹುಡುಗನಿಗೆ ಇಲ್ಲಿನ 18,000ದಲ್ಲಿ ಅದಕ್ಕಿಂತ ಹೆಚ್ಚೇ ಉಳಿಯಬಹುದು. ಹಾಗಾದರೆ ಏಕೆ ಹೋಗುತ್ತಾನೆ? ಕೇಳಿ ನೋಡಿದರೆ ಮೊದಲ ಉತ್ತರ ಸಂಬಳವೇ. ಸ್ವಲ್ಪ ಕೂತು ಮಾತಾಡಿದರೆ ಬೇರೆ ಉತ್ತರಗಳು ಬರುತ್ತವೆ. ಸಂಬಳ ಯಾವ ತಾರೀಕಿಗೆ ಬರುತ್ತದೆ ಎಂದು ಗೊತ್ತಿಲ್ಲ. ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಐದು ವರ್ಷದಿಂದ ಅದೇ ಹಳೆಯ ಮಷಿನ್, ಹೊಸದೇನೂ ಕಲಿಯಲಿಲ್ಲ. ಹುಡುಗಿ ಕೊಡುವವರು ಕೇಳಿದರೆ ಹೇಳಿಕೊಳ್ಳಲು ಒಂದು ನೇಮಕಾತಿ ಪತ್ರವೂ ಇಲ್ಲ. ಈ ಕೊನೆಯ ಮಾತನ್ನು ನಗುತ್ತಾ ಹೇಳುತ್ತಾರೆ, ಆದರೆ ಅದು ನಗುವ ಮಾತಲ್ಲ.

ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕೆಂಬುದನ್ನು ಜುಮಾ ಖುತ್ಬಾದಲ್ಲಿ ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಅದರ ಬಗ್ಗೆ ಇಲ್ಲಿ ಬೇರೆ ಹೇಳಬೇಕಾಗಿಲ್ಲ. ಉಳಿದವುಗಳ ಖರ್ಚು ಎಷ್ಟೆಂದು ನೋಡಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, 21,000 ರೂ.ವರೆಗಿನ ಸಂಬಳದವರಿಗೆ ಇಎಸ್‌ಐ ಅನ್ವಯ. ಮಾಲೀಕರ ಪಾಲು ಶೇ. 3.25, ಕೆಲಸಗಾರನದ್ದು ಶೇ. 0.75. 18,000 ಸಂಬಳಕ್ಕೆ ಮಾಲೀಕರು ಕಟ್ಟುವುದು 585 ರೂ., ಕೆಲಸಗಾರ 135 ರೂ. ಇಷ್ಟಕ್ಕೆ ಅವನಿಗೂ ಅವನ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ನಮ್ಮ ಟ್ರಸ್ಟಿಗೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳನ್ನು ಓದುವಾಗ, ದುಡಿಯುವವನಿಗೆ ಇಎಸ್‌ಐ ಇದ್ದಿದ್ದರೆ ಈ ಅರ್ಜಿಯೇ ಬರುತ್ತಿರಲಿಲ್ಲವಲ್ಲ ಎಂದು ಅನಿಸುವುದುಂಟು.

ಗ್ರಾಚ್ಯುಟಿಯೂ ಹಾಗೆಯೇ. ಐದು ವರ್ಷ ನಿಂತ ಕಾಯಂ ಕೆಲಸಗಾರನಿಗೆ ವರ್ಷಕ್ಕೆ 15 ದಿನದ ಸಂಬಳದಂತೆ, ತಿಂಗಳಿಗೆ 26 ದಿನವೆಂದು ಹಿಡಿದು ಲೆಕ್ಕ. 18,000ಕ್ಕೆ ಐದು ವರ್ಷಕ್ಕೆ ಸುಮಾರು 52,000 ರೂ. ಆಗುತ್ತದೆ. ಇದನ್ನು ಕೊಡಬೇಕಾದವರು ಕೊನೆಗೆ ಹೇಗೂ ಕೊಡಲೇಬೇಕು. ಆದರೆ ಸೇರಿದ ದಿನವೇ ಹುಡುಗನಿಗೆ ಅದನ್ನು ತಿಳಿಸಿ ಹೇಳಿದವರು ಕಡಿಮೆ. ತಿಳಿಸಿದರೆ ಅದೇ ಅವನನ್ನು ನಿಲ್ಲಿಸುವ ಮಾತಾಗುತ್ತದೆ.

ನಿಲ್ಲಿಸುವ ಇನ್ನೊಂದು ದಾರಿ ನಮ್ಮಲ್ಲಿ ಹಳೆಯದು: ಮುಂಗಡ. ಮದುವೆಗೆ, ಆಸ್ಪತ್ರೆಗೆ ಎಂದು ದೊಡ್ಡ ಮೊತ್ತ ಕೊಟ್ಟು, ಅದು ತೀರುವವರೆಗೆ ಬೇರೆ ಕಡೆ ಹೋಗದಂತೆ ಮಾಡುವುದು. ಕಷ್ಟಕ್ಕೆ ಕೊಟ್ಟ ಸಾಲ ಬೇರೆ, ಕಟ್ಟಿಹಾಕಲು ಕೊಟ್ಟ ಸಾಲ ಬೇರೆ. ಎರಡನೆಯದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕೆಳಗೆ ಅಪರಾಧವಾಗಬಹುದು. ಅಂಕಪಟ್ಟಿಯ ಮೂಲಪ್ರತಿಯನ್ನು ಇಟ್ಟುಕೊಂಡು ಹೋಗಲು ಬಿಡದಿರುವುದೂ ಇದೇ ಜಾತಿಯ ಕೆಲಸ. ಪೋಷಕರಲ್ಲಿ ವಿನಂತಿ: ನರ್ಸಿಂಗ್ ಆಗಲಿ, ಶಾಲೆಯಾಗಲಿ, ಫ್ಯಾಕ್ಟರಿಯಾಗಲಿ, ಮೂಲ ದಾಖಲೆಗಳನ್ನು ತೋರಿಸಿ ವಾಪಸ್ ತನ್ನಿ. ನಕಲು ಕೊಟ್ಟರೆ ಸಾಕು.

ಹೊಸಬರನ್ನು ಹುಡುಕುವ ವಿಚಾರಕ್ಕೆ ಬಂದರೆ, ತಯಾರಾದ ಕೆಲಸಗಾರನೇ ಬೇಕೆಂದು ಎಲ್ಲರೂ ಕೂತರೆ ತಯಾರು ಮಾಡುವವರು ಯಾರು? ಗ್ಯಾರೇಜ್‌ಗಳಲ್ಲಿ ಉಸ್ತಾದ್ ಮತ್ತು ಶಾಗಿರ್ದ್ ಎಂಬ ಸಂಬಂಧ ಇತ್ತು, ಈಗಲೂ ಅಲ್ಲಲ್ಲಿ ಇದೆ. ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಕೊಡುತ್ತಾ ಕಲಿತವನು ಸುಲಭವಾಗಿ ಬಿಟ್ಟು ಹೋಗುತ್ತಿರಲಿಲ್ಲ. ಅದರ ಕೆಟ್ಟ ಮುಖವೂ ನಮಗೆ ಗೊತ್ತು: ಶಾಲೆ ಬಿಡಿಸಿ ತಂದ ಹತ್ತು ಹನ್ನೆರಡು ವರ್ಷದ ಮಕ್ಕಳು. ಹದಿನಾಲ್ಕರ ಕೆಳಗಿನ ಮಕ್ಕಳನ್ನು ದುಡಿಸುವುದು ಅಪರಾಧ, ಭಟ್ಟಿಯ ಬೆಂಕಿಯ ಮುಂದೆಯಂತೂ ಯಾವ ಮಗುವೂ ನಿಲ್ಲಬಾರದು. ಒಳ್ಳೆಯ ಮುಖವನ್ನು ಉಳಿಸಿಕೊಳ್ಳಲು ಈಗ ಕಾನೂನಿನ ದಾರಿಯೇ ಇದೆ, ಅಪ್ರೆಂಟಿಸ್ ಪದ್ಧತಿ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳನ್ನು 2019ರಲ್ಲಿ ತಿದ್ದಿದ ಮೇಲೆ, 30 ಮತ್ತು ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನರಿರುವ ಸಣ್ಣ ಘಟಕಗಳು ಬಯಸಿದರೆ ತೆಗೆದುಕೊಳ್ಳಬಹುದು. ನಮ್ಮ ದಾನಿಗಳ ಬಹುಪಾಲು ವರ್ಕ್‌ಶಾಪ್‌ಗಳು ಈ ಎರಡನೆಯ ಗುಂಪಿನವು, ಆದರೆ ಈ ಅವಕಾಶವನ್ನು ಬಳಸುವವರು ಕಡಿಮೆ. ಆಗ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ಓದಿಗೆ ತಕ್ಕಂತೆ 5,000ದಿಂದ 9,000 ರೂ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಅದರ ಕಾಲು ಭಾಗವನ್ನು, ತಿಂಗಳಿಗೆ ಗರಿಷ್ಠ 1,500 ರೂ.ವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ.

ಇನ್ನೊಂದು ಯೋಜನೆ 2025ರ ಆಗಸ್ಟ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. ಮೊದಲ ಬಾರಿ ಪಿಎಫ್‌ಗೆ ಸೇರುವ ಕೆಲಸಗಾರನಿಗೆ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000 ರೂ., ಎರಡು ಕಂತಿನಲ್ಲಿ. ಒಂದು ಕಂತು ಆರು ತಿಂಗಳು ನಿಂತ ಮೇಲೆ, ಇನ್ನೊಂದು ಹನ್ನೆರಡು ತಿಂಗಳ ಮೇಲೆ. ಹೊಸಬರನ್ನು ಸೇರಿಸಿಕೊಂಡ ಮಾಲೀಕರಿಗೂ ಷರತ್ತಿನ ಮೇಲೆ ತಲೆಗೆ ತಿಂಗಳಿಗೆ 3,000 ರೂ.ವರೆಗೆ ಪ್ರೋತ್ಸಾಹಧನ ಇದೆ. ಎರಡಕ್ಕೂ ಮೂಲ ಪಿಎಫ್ ನೋಂದಣಿ. ಪುಸ್ತಕದಲ್ಲಿ ಹೆಸರೇ ಇಲ್ಲದ ಕೆಲಸಗಾರನಿಗೆ ಯಾವುದೂ ಬರುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಆಳು ಸಿಗುವುದಿಲ್ಲ ಎನ್ನುವವರು ಸಾಮಾನ್ಯವಾಗಿ ಗಂಡಾಳಿನ ಬಗ್ಗೆಯೇ ಹೇಳುತ್ತಿರುತ್ತಾರೆ. ಡಿಪ್ಲೊಮಾ, ಬಿಕಾಂ, ಬಿಸಿಎ ಮುಗಿಸಿ ಮನೆಯಲ್ಲಿ ಕೂತ ನಮ್ಮ ವಿದ್ಯಾರ್ಥಿನಿಯರು ಇದ್ದಾರೆ. ಡ್ರಾಯಿಂಗ್, ಬಿಲ್ಲಿಂಗ್, ಸ್ಟೋರ್ಸ್, ಅಳತೆ ತಪಾಸಣೆ, ಸಿಎನ್‌ಸಿ ಮಷಿನ್, ಯಾವುದೂ ಅವರಿಗೆ ಆಗದ ಕೆಲಸವಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ. ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಮನೆಯವರು ಕೇಳುವುದು ಇಷ್ಟೇ: ಹೊತ್ತು ಮುಳುಗುವ ಮೊದಲು ಬಿಡುತ್ತೀರಾ, ಪ್ರತ್ಯೇಕ ಶೌಚಾಲಯ ಇದೆಯಾ, ಇನ್ನೊಬ್ಬ ಹೆಣ್ಣುಮಗಳು ಅಲ್ಲಿ ಇದ್ದಾಳಾ. ಈ ಮೂರಕ್ಕೂ ಹೌದು ಎನ್ನಬಲ್ಲ ಮಾಲೀಕರಿಗೆ ಕೆಲಸಗಾರರ ಕೊರತೆ ಅರ್ಧ ಕಡಿಮೆಯಾಗುತ್ತದೆ ಎಂಬುದು ನಮ್ಮ ಅಂದಾಜು.

ಪೋಷಕರಿಗೆ: ಐಟಿಐ ಎಂದರೆ ಫೇಲಾದವರ ದಾರಿ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾದವರು ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಹರಿಹರದಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇದೆ. ಅದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಮೊದಲ ಕೆಲಸದಲ್ಲಿ ಸಂಬಳಕ್ಕಿಂತ ಏನು ಕಲಿಯುತ್ತಾನೆ ಎಂಬುದನ್ನು ನೋಡಿ, ಎರಡು ವರ್ಷ ನಿಲ್ಲಲು ಹೇಳಿ. ಆರಾರು ತಿಂಗಳಿಗೆ ಬದಲಾಯಿಸಿದವನ ಕೈ ಯಾವುದರಲ್ಲೂ ಪಳಗುವುದಿಲ್ಲ.

ಗಲ್ಫ್‌ಗೆ ಕಳಿಸುವುದೇ ಆದರೆ, ಹತ್ತನೇ ತರಗತಿ ಪಾಸಾಗದವರಿಗೆ ಸೌದಿ, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಬೇಕು. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂ. ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಲಕ್ಷಗಟ್ಟಲೆ ಕೇಳುವವರಿಗೆ ಒಡವೆ ಅಡವಿಟ್ಟು ಕೊಡಬೇಡಿ.

ಈ ಸಾಲಿನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಐಟಿಐ, ಡಿಪ್ಲೊಮಾ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಟ್ರೇಡ್ ಅಥವಾ ವಿಭಾಗ, ಕೋರ್ಸ್ ಮುಗಿಯುವ ತಿಂಗಳು, ದಾವಣಗೆರೆ ಹರಿಹರದಲ್ಲೇ ಕೆಲಸ ಮಾಡಲು ಇಷ್ಟವಿದೆಯೇ ಎಂಬುದನ್ನು ತಪ್ಪದೆ ಬರೆಯಬೇಕು. ಇಷ್ಟವಿಲ್ಲ ಎಂದು ಬರೆದವರ ವಿದ್ಯಾರ್ಥಿವೇತನಕ್ಕೆ ಅದರಿಂದ ಯಾವ ತೊಂದರೆಯೂ ಇಲ್ಲ. ದಾನಿಗಳಲ್ಲಿ ಯಾರಿಗಾದರೂ ಅಪ್ರೆಂಟಿಸ್ ಅಥವಾ ಕೆಲಸಗಾರರು ಬೇಕಿದ್ದರೆ, ಕೆಲಸ ಏನು, ಸಂಬಳ ಎಷ್ಟು, ಇಎಸ್‌ಐ ಮತ್ತು ಪಿಎಫ್ ಇದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಟ್ರಸ್ಟ್ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಸಂಬಳ ಬರೆಯದ ಹಾಳೆಗಳನ್ನು ಮಕ್ಕಳಿಗೆ ತೋರಿಸುವುದಿಲ್ಲ.