ಬಿಡಿಯಾಗಿ ಸಿಕ್ಕ ಬೆಳಕು

ಮನೆಯಲ್ಲೇ ಒಂದು ಎಲ್ಇಡಿ ದೀಪ ಮಾಡಿಕೊಳ್ಳಲು ಬೇಕಾಗುವ ಸಾಮಾನು ಹೆಚ್ಚಿಲ್ಲ. ಬೆಳಗುವ ಎಲ್ಇಡಿ, ಅದರಲ್ಲಿ ಹರಿಯುವ ಕರೆಂಟನ್ನು ಹದದಲ್ಲಿಡುವ ರೆಸಿಸ್ಟರ್ ಇಲ್ಲವೇ ಡ್ರೈವರ್, ಶಾಖ ಹೀರಿಕೊಳ್ಳುವ ಅಲ್ಯುಮಿನಿಯಂ ಹೀಟ್ ಸಿಂಕ್, 12 ವೋಲ್ಟಿನ ಅಡಾಪ್ಟರ್, ಒಂದಿಷ್ಟು ವೈರು, ಬೆಸುಗೆಗೆ ಲೆಡ್ಡು. ಪಟ್ಟಿ ಇಷ್ಟೇ ಆದರೂ ಅದರ ಹಿಂದೊಂದು ಷರತ್ತಿದೆ: ಇವೆಲ್ಲ ಬಿಡಿಯಾಗಿ ಸಿಗಬೇಕು. ಐದು ರೆಸಿಸ್ಟರ್ ಬೇಕಾದವನಿಗೆ ಐದನ್ನೇ ಎಣಿಸಿ ಕೊಡುವ ಅಂಗಡಿ ಊರಿನಲ್ಲಿರಬೇಕು. ಎಲ್ಇಡಿಯ ಚರಿತ್ರೆಯನ್ನು ಪ್ರಯೋಗಾಲಯಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ಮನೆಯ ಮೇಜಿನ ಮೇಲೆ ಹುಟ್ಟಿದ ದೀಪದ ಮಟ್ಟಿಗೆ ಅದು ಬಿಡಿಭಾಗಗಳ ಚರಿತ್ರೆಯೂ ಹೌದು.

ಎಲ್ಇಡಿಗೆ ಮೊದಲೇ ಕರ್ನಾಟಕದ ಊರುಗಳಲ್ಲಿ ಈ ಕೆಲಸಕ್ಕೆ ಅಡಿಪಾಯ ಬಿದ್ದಿತ್ತು. ಗಣೇಶನ ಪೆಂಡಾಲಿಗೂ ದೀಪಾವಳಿಗೂ ಹುಡುಗರು ತಾವೇ ಸೀರಿಯಲ್ ಸೆಟ್ ಕಟ್ಟುತ್ತಿದ್ದರು. 6 ವೋಲ್ಟಿನ ಪುಟ್ಟ ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸುತ್ತ ಹೋದರೆ ಮನೆಯ 230 ವೋಲ್ಟಿಗೆ ಸುಮಾರು 40 ಬಲ್ಬು ಬೇಕು ಎಂಬ ಲೆಕ್ಕ ಪಾಠಕ್ಕಿಂತ ಮೊದಲು ಕೈಗೆ ಬರುತ್ತಿತ್ತು. ಒಂದು ಬಲ್ಬು ಹೋದರೆ ಇಡೀ ಸರ ಕತ್ತಲೆ. ಯಾವುದು ಹೋಗಿದೆ ಎಂದು ಪತ್ತೆಹಚ್ಚುವುದೇ ಅರ್ಧ ಕೆಲಸ. 1972ರಲ್ಲಿ ಮಾರುಕಟ್ಟೆಗೆ ಬಂದ 555 ಟೈಮರ್ ಐಸಿಯೂ ಅದರ ಜೊತೆಗಾರ 4017 ಕೌಂಟರ್ ಐಸಿಯೂ ಕೈಗೆಟುಕಿದ ಮೇಲೆ ಇದೇ ಸರಗಳು ಓಡುವ ದೀಪಗಳಾದವು. ಆಗಲೂ ಎಲ್ಲವೂ ಬಿಡಿ ಸಾಮಾನೇ. ಹಬ್ಬ ಮುಗಿದ ಮೇಲೆ ಬಿಚ್ಚಿಟ್ಟರೆ ಮುಂದಿನ ವರ್ಷ ಬೇರೆ ರೂಪದಲ್ಲಿ ಅದೇ ಸಾಮಾನು ಮತ್ತೆ ಕೆಲಸಕ್ಕೆ ಬರುತ್ತಿತ್ತು.

ಎಲ್ಇಡಿ ಮಾತ್ರ ಬಹುಕಾಲ ದೀಪವೇ ಆಗಿರಲಿಲ್ಲ. ಕಾರ್ಬೊರಂಡಮ್ ಹರಳಿಗೆ ವಿದ್ಯುತ್ ಹರಿಸಿದಾಗ ಹಳದಿ ಬೆಳಕು ಕಂಡದ್ದನ್ನು ಹೆನ್ರಿ ರೌಂಡ್ 1907ರಲ್ಲೇ ದಾಖಲಿಸಿದ್ದರು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್ಇಡಿಯನ್ನು ನಿಕ್ ಹೋಲೊನ್ಯಾಕ್ 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಮಾಡಿದರು. ಆರಂಭದಲ್ಲಿ ಅದರ ಒಂದೊಂದರ ಬೆಲೆ 260 ಡಾಲರ್. ಆ ದಶಕದ ಕೊನೆಗೆ ಮೊನ್ಸಾಂಟೊ ಕಂಪನಿ ಸಗಟಾಗಿ ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು. ಆದರೆ ಆ ಕೆಂಪು ಚುಕ್ಕೆ ರೇಡಿಯೊ ಚಾಲೂ ಇದೆ ಎಂದು ಹೇಳಬಲ್ಲುದಾಗಿತ್ತೇ ಹೊರತು ಪುಸ್ತಕ ಓದಲು ಸಾಲುತ್ತಿರಲಿಲ್ಲ.

ಆ ಚುಕ್ಕೆಯನ್ನು ಬಿಡಿಯಾಗಿ ಮಾರುವ ಬೀದಿಗಳು ಭಾರತದ ದೊಡ್ಡ ಊರುಗಳಲ್ಲಿ ಬೆಳೆದಿದ್ದವು. ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ಲಜಪತ್ ರಾಯ್ ಮಾರ್ಕೆಟ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನಲ್ಲಿ ಟೌನ್ ಹಾಲ್ ಸಮೀಪದ ಎಸ್.ಪಿ. ರಸ್ತೆ. ಬೆಂಗಳೂರಿಗೆ ಇನ್ನೂ ಒಂದು ಅನುಕೂಲವಿತ್ತು. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್ ಕಾರ್ಖಾನೆ ಟ್ರಾನ್ಸಿಸ್ಟರುಗಳನ್ನೂ ತಯಾರಿಸುತ್ತಿತ್ತು. ಎಸ್ಎಲ್100, ಎಸ್‌ಕೆ100 ಎಂಬ ತಗಡಿನ ಟೋಪಿಯ ಟ್ರಾನ್ಸಿಸ್ಟರುಗಳು ಕಾಲೇಜು ಲ್ಯಾಬಿನಿಂದ ಮನೆಯ ಮೇಜಿನವರೆಗೆ ಎಲ್ಲ ಕಡೆಯೂ ಇದ್ದವು. 1969ರಲ್ಲಿ ಆರಂಭವಾದ 'ಎಲೆಕ್ಟ್ರಾನಿಕ್ಸ್ ಫಾರ್ ಯು' ಮಾಸಿಕದ ಸರ್ಕ್ಯೂಟುಗಳ ಕೆಳಗೆ ಬಿಡಿಭಾಗಗಳ ಪಟ್ಟಿ ಇರುತ್ತಿತ್ತು. ಆ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಮಾರುವವರು ಸಣ್ಣ ಸಣ್ಣ ಡ್ರಾಯರುಗಳಿಂದ ಒಂದೊಂದನ್ನೇ ತೆಗೆದು ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಬೇಕಾದ ನಂಬರು ಇಲ್ಲದಿದ್ದರೆ ಅದರ ಬದಲಿಗೆ ಯಾವುದು ನಡೆಯುತ್ತದೆ ಎಂದು ಹೇಳುವವರೂ ಅವರೇ. ಒಂದು ತಲೆಮಾರಿಗೆ ಇದು ಕಾಲೇಜಿನಷ್ಟೇ ದೊಡ್ಡ ಶಾಲೆಯಾಗಿತ್ತು. ಆ ಋಣವನ್ನು ಯಾವ ಪಠ್ಯಪುಸ್ತಕವೂ ದಾಖಲಿಸಿಲ್ಲ.

ಬಿಳಿ ದೀಪಕ್ಕೆ ಅಡ್ಡಿಯಾಗಿದ್ದದ್ದು ನೀಲಿ. ಕೆಂಪು, ಹಸಿರು ಸಿಕ್ಕಿದರೂ ಪ್ರಖರವಾದ ನೀಲಿ ಎಲ್ಇಡಿ ಇಲ್ಲದೆ ಬಿಳಿ ಬೆಳಕು ಸಾಧ್ಯವಿರಲಿಲ್ಲ. ಅಮೆರಿಕದ ಆರ್‌ಸಿಎ ಕಂಪನಿ 1970ರ ದಶಕದ ಆರಂಭದಲ್ಲಿ ಗ್ಯಾಲಿಯಂ ನೈಟ್ರೈಡ್ ಹಿಡಿದು ಪ್ರಯತ್ನಿಸಿ ಕೈಬಿಟ್ಟಿತು. ಆ ಹರಳನ್ನು ಬೆಳೆಸಲು ಆಧಾರವಾಗುವ ನೀಲಮಣಿಗೂ ಅದಕ್ಕೂ ಪರಮಾಣುಗಳ ನಡುವಿನ ಅಂತರ ಹೊಂದುತ್ತಿರಲಿಲ್ಲ. ಬೆಳೆದ ಪದರದ ತುಂಬ ಬಿರುಕು, ದೋಷ. ಜಪಾನಿನ ನಗೋಯಾದಲ್ಲಿ ಇಸಾಮು ಅಕಾಸಕಿ ಮತ್ತು ಅವರ ಶಿಷ್ಯ ಹಿರೋಶಿ ಅಮಾನೊ ಅದನ್ನೇ ಹಿಡಿದು ಕೂತರು. ನಡುವೆ ಅಲ್ಯುಮಿನಿಯಂ ನೈಟ್ರೈಡಿನ ತೆಳು ಪದರ ಹಾಸಿ 1986ರ ಹೊತ್ತಿಗೆ ಒಳ್ಳೆಯ ಹರಳು ಬೆಳೆಸಿದರು. ಉಳಿದ ಬಹುತೇಕರು ಝಿಂಕ್ ಸೆಲೆನೈಡ್ ಎಂಬ ಇನ್ನೊಂದು ಹರಳಿನ ಹಿಂದೆ ಬಿದ್ದಿದ್ದರು.

ಈ ಕಥೆಯಲ್ಲಿ ಮನೆಯಲ್ಲಿ ಕೂತು ಬೆಸುಗೆ ಹಾಕುವವರೆಲ್ಲರಿಗೂ ತೀರ ಹತ್ತಿರದವರು ಶುಜಿ ನಕಮುರ. ಅವರು ಶಿಕೊಕು ದ್ವೀಪದ ಅನಾನ್ ಎಂಬ ಸಣ್ಣ ಊರಿನ ನಿಚಿಯಾ ಕಂಪನಿಗೆ 1979ರಲ್ಲಿ ಸೇರಿದರು. ಟ್ಯೂಬ್‌ಲೈಟಿನ, ಟೀವಿ ಪರದೆಯ ಒಳಗೆ ಬಳಿಯುವ ಫಾಸ್ಫರ್ ಪುಡಿ ಮಾಡುವುದು ಆ ಕಂಪನಿಯ ಕಸುಬು. ಸಂಶೋಧನೆಗೆ ಹಣವಿರಲಿಲ್ಲ, ಯಂತ್ರ ಕೊಳ್ಳುವ ಮಾತೇ ಇರಲಿಲ್ಲ. ನಕಮುರ ಕಂಪನಿಯಲ್ಲಿ ಬಿದ್ದಿದ್ದ ಹಳೆಯ ಸಾಮಾನು ಒಟ್ಟುಮಾಡಿ ಕುಲುಮೆಯನ್ನು ತಾವೇ ಕಟ್ಟಿದರು. ಕ್ವಾರ್ಟ್ಝ್ ಕೊಳವೆಗಳಿಗೆ ತಾವೇ ಬೆಸುಗೆ ಹಾಕಿದರು. ಒಳಗೆ ರಂಜಕದ ಒತ್ತಡ ಹೆಚ್ಚಿದಾಗ ಆ ಕೊಳವೆಗಳು ಸಿಡಿಯುತ್ತಿದ್ದವು. ಕೋಣೆಯ ತುಂಬ ಬಿಳಿ ಹೊಗೆ. ಇದು ಮತ್ತೆ ಮತ್ತೆ ಆಯಿತು. ಒಡೆದದ್ದನ್ನು ಆಯ್ದು ಮತ್ತೆ ಬೆಸೆಯುವುದೇ ವರ್ಷಗಟ್ಟಲೆ ಅವರ ದಿನಚರಿಯಾಯಿತು. ಹಾಗೆ ಅವರು ಮಾಡಿದ ಕೆಂಪು ಎಲ್ಇಡಿಯ ಕಚ್ಚಾವಸ್ತುಗಳು ಚೆನ್ನಾಗಿಯೇ ಇದ್ದರೂ ದೊಡ್ಡ ಕಂಪನಿಗಳ ಎದುರು ಬಿಕರಿಯಾಗಲಿಲ್ಲ.

1988ರಲ್ಲಿ ನಕಮುರ ನೇರವಾಗಿ ಸ್ಥಾಪಕ ನೊಬುಒ ಒಗಾವಾ ಅವರ ಬಳಿ ಹೋಗಿ ನೀಲಿ ಎಲ್ಇಡಿ ಮಾಡುತ್ತೇನೆ ಎಂದರು. ಒಗಾವಾ ಒಪ್ಪಿದರು, ಸುಮಾರು 50 ಕೋಟಿ ಯೆನ್ ಕೊಟ್ಟರು. ಹರಳು ಬೆಳೆಸುವ ಹೊಸ ವಿಧಾನ ಕಲಿಯಲು ನಕಮುರ ಒಂದು ವರ್ಷ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಪಿಎಚ್‌ಡಿ ಇಲ್ಲದ ಅವರನ್ನು ತಂತ್ರಜ್ಞನಂತೆ ನಡೆಸಿಕೊಂಡರು. ವರ್ಷದ ಬಹುಪಾಲು ಯಂತ್ರವೊಂದನ್ನು ಮೊದಲಿನಿಂದ ಜೋಡಿಸುವುದರಲ್ಲೇ ಕಳೆಯಿತು. ಊರಿಗೆ ಮರಳಿದ ಮೇಲೆ ದುಬಾರಿ ಯಂತ್ರ ಬಂತು, ಅದೂ ಹೇಳಿದಂತೆ ಕೇಳಲಿಲ್ಲ. ಬೆಳಿಗ್ಗೆ ಯಂತ್ರದ ಕೊಳವೆಗಳನ್ನು ಕತ್ತರಿಸಿ ಬದಲಿಸುವುದು, ಮಧ್ಯಾಹ್ನ ಹರಳು ಬೆಳೆಸಿ ನೋಡುವುದು. ಹೀಗೆ ಒಂದು ವರ್ಷಕ್ಕೂ ಮೀರಿ ಸಾಗಿತು. ಕೊನೆಗೆ ಮೇಲಿನಿಂದ ಇನ್ನೊಂದು ಅನಿಲಧಾರೆ ಹಾಯಿಸಿ ಹರಳಿನ ಅನಿಲವನ್ನು ತಳಕ್ಕೆ ಒತ್ತಿ ಹಿಡಿಯುವ ಉಪಾಯ 1990ರಲ್ಲಿ ಫಲಿಸಿತು. ಕಂಪನಿಯ ಹೊಸ ಅಧ್ಯಕ್ಷರು ಕೆಲಸ ನಿಲ್ಲಿಸಲು ಹೇಳಿದರೂ ಅವರು ನಿಲ್ಲಿಸಲಿಲ್ಲ. 1993ರ ನವೆಂಬರಿನಲ್ಲಿ ನಿಚಿಯಾ ಪ್ರಕಟಿಸಿದ ನೀಲಿ ಎಲ್ಇಡಿ ಅದುವರೆಗಿನ ನೀಲಿಗಳಿಗಿಂತ ನೂರು ಪಟ್ಟು ಪ್ರಖರವಾಗಿತ್ತು.

ಮುಂದಿನದು ಜಗಳ. ಅನಿಲಧಾರೆಯ ಆ ಉಪಾಯದ ಪೇಟೆಂಟಿಗಾಗಿ ನಕಮುರ ಪಡೆದದ್ದು 20,000 ಯೆನ್ ಬಹುಮಾನ. ಕಂಪನಿ ಬಿಟ್ಟು ಅಮೆರಿಕಕ್ಕೆ ಹೋದ ಅವರು 2001ರಲ್ಲಿ ಮೊಕದ್ದಮೆ ಹೂಡಿದರು. 2004ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ 2,000 ಕೋಟಿ ಯೆನ್ ಕೊಡಬೇಕೆಂದು ತೀರ್ಪಿತ್ತಿತು. ಮೇಲ್ಮನವಿಯ ಹಂತದಲ್ಲಿ 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಅಕಾಸಕಿ, ಅಮಾನೊ, ನಕಮುರ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಹಣದ ಜಗಳಕ್ಕಿಂತ ಮುಖ್ಯವಾದದ್ದು ಹತ್ತು ವರ್ಷ ಕೊಳವೆ ಬೆಸೆದ ಕೈ. ಯಂತ್ರವನ್ನು ಬಿಚ್ಚಿ ಕಟ್ಟಲು ಹೆದರದ ಅಭ್ಯಾಸ ಅವರಿಗೆ ಬಂದದ್ದು ಬಡತನದ ಆ ಕಾಲದಲ್ಲಿ. ಸಿದ್ಧಯಂತ್ರವೇ ಮೊದಲಿನಿಂದ ಕೈಗೆ ಸಿಕ್ಕಿದ್ದರೆ ಅದರ ಒಳಗೆ ಕೈಹಾಕುವ ಧೈರ್ಯ ಬರುತ್ತಿರಲಿಲ್ಲ.

ನಿಚಿಯಾದ ಹಳೆಯ ಕಸುಬು ಕೊನೆಯ ಹೆಜ್ಜೆಗೆ ನೆರವಾಯಿತು. ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದರೆ ಎರಡೂ ಕೂಡಿ ಬಿಳಿಯಾಗುತ್ತದೆ. 1996ರಲ್ಲಿ ಹೀಗೆ ಬಿಳಿ ಎಲ್ಇಡಿ ಮಾರುಕಟ್ಟೆಗೆ ಬಂತು. ಪ್ರತಿ ದಶಕದಲ್ಲಿ ಎಲ್ಇಡಿ ಬೆಳಕಿನ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಒಂದು ಎಲ್ಇಡಿ ಕೊಡುವ ಬೆಳಕು ಇಪ್ಪತ್ತು ಪಟ್ಟು ಏರುತ್ತದೆ ಎಂದು ರೋಲಂಡ್ ಹೈಟ್ಜ್ ಹೇಳಿದ ಸೂತ್ರ ಹೆಚ್ಚುಕಡಿಮೆ ನಿಜವಾಯಿತು. ಕರ್ನಾಟಕದಲ್ಲಿ ಕರೆಂಟು ಬಾರದ ಮನೆಗಳಿಗೆ ಸೌರದೀಪ ಒಯ್ಯುತ್ತಿದ್ದ ಸೆಲ್ಕೊ ಸಂಸ್ಥೆ 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿತ್ತು. ಅಂಥ ಸೌರದೀಪಗಳಿಗೂ ಕಾಲಕ್ರಮದಲ್ಲಿ ಎಲ್ಇಡಿ ಬಂತು. ಸಣ್ಣ ಸೌರ ಹಲಗೆಯಿಂದಲೇ ಮೊದಲಿಗಿಂತ ಹೆಚ್ಚು ಬೆಳಕು ಸಿಗುವಂತಾಯಿತು.

ಎಸ್.ಪಿ. ರಸ್ತೆಯ ಡ್ರಾಯರುಗಳಿಗೂ ಬಿಳಿ ಬಂತು. ಮೊದಲು 5 ಮಿಲಿಮೀಟರಿನ ಗುಂಡು ತಲೆಯವು, ಆಮೇಲೆ ನಕ್ಷತ್ರದಾಕಾರದ ಅಲ್ಯುಮಿನಿಯಂ ತಟ್ಟೆಯ ಮೇಲೆ ಕೂತ 1 ವ್ಯಾಟಿನವು, ಆಮೇಲೆ 5050, 2835 ಎಂಬ ನಂಬರಿನ ಚಪ್ಪಟೆ ಎಲ್ಇಡಿಗಳು. ದೀಪ ಕಟ್ಟುವವನು ಮೊದಲು ಮಾಡಬೇಕಾದದ್ದು ಸೀರಿಯಲ್ ಸೆಟ್ಟಿನದೇ ಲೆಕ್ಕ. ಬಿಳಿ ಎಲ್ಇಡಿಗೆ ಸುಮಾರು 3.2 ವೋಲ್ಟ್ ಬೇಕು. 12 ವೋಲ್ಟಿನ ಅಡಾಪ್ಟರಿಗೆ ಮೂರನ್ನು ಸಾಲಾಗಿ ಜೋಡಿಸಿದರೆ 9.6 ವೋಲ್ಟ್ ಖರ್ಚಾಗಿ 2.4 ಉಳಿಯುತ್ತದೆ. 20 ಮಿಲಿಆಂಪಿಯರ್ ಕರೆಂಟು ಸಾಕೆಂದರೆ 120 ಓಮ್‌ನ ರೆಸಿಸ್ಟರ್. ಅಂಗಡಿಯಲ್ಲಿ ಅದು ಕಂದು, ಕೆಂಪು, ಕಂದು ಪಟ್ಟೆಯದು, ಕಾಲು ವ್ಯಾಟಿನದು ಸಾಕು. ಕತ್ತರಿಯಿಂದ ಕತ್ತರಿಸಿ ಕೊಡುವ 12 ವೋಲ್ಟಿನ ಎಲ್ಇಡಿ ಸ್ಟ್ರಿಪ್ಪಿನಲ್ಲೂ ಮೂರು ಮೂರರ ಗುಂಪಿಗೆ ರೆಸಿಸ್ಟರ್ ಕೂಡಿಸುವ ಇದೇ ಲೆಕ್ಕ ಅಡಗಿದೆ.

1 ವ್ಯಾಟಿನ ಎಲ್ಇಡಿಗಳಿಗೆ ರೆಸಿಸ್ಟರ್ ಸಾಲದು. ಅವು ಬೇಡುವ 350 ಮಿಲಿಆಂಪಿಯರನ್ನು ಏರಿಳಿತವಿಲ್ಲದೆ ಕೊಡುವ ಡ್ರೈವರ್ ಬೇಕು, ಶಾಖಕ್ಕೆ ಹೀಟ್ ಸಿಂಕ್ ಬೇಕು. ಹೊಸ ಹೀಟ್ ಸಿಂಕಿಗಿಂತ ಗುಜರಿಯಲ್ಲಿ ಸಿಗುವ ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಮೇಲಿನದು ಅಗ್ಗ, ಗಟ್ಟಿ. ಬಿಡಿಯಾಗಿ ಕೊಳ್ಳುವಾಗ ಒಂದು ದೀಪಕ್ಕೆ ಬೇಕಾದ ಎಲ್ಲ ಎಲ್ಇಡಿಗಳನ್ನೂ ಒಂದೇ ಪ್ಯಾಕೆಟ್ಟಿನಿಂದ ಎಣಿಸಿಕೊಳ್ಳುವುದು ಮೇಲು. ಕಾರ್ಖಾನೆಯಲ್ಲಿ ಬಣ್ಣ, ವೋಲ್ಟೇಜ್ ನೋಡಿ ಬೇರೆ ಬೇರೆ ಮಾಡಿರುತ್ತಾರೆ. ಬೆರಕೆ ಮಾಲಿನಲ್ಲಿ ಒಂದು ನೀಲಿಗೆ, ಒಂದು ಹಳದಿಗೆ ವಾಲುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರಿನಿಂದಲೇ 230 ವೋಲ್ಟನ್ನು ಇಳಿಸುವ ಅಗ್ಗದ ಸರ್ಕ್ಯೂಟುಗಳಿಂದ ದೂರವಿರಬೇಕು. ಅವುಗಳಲ್ಲಿ ಯಾವ ತಂತಿ ಮುಟ್ಟಿದರೂ ಮನೆಯ ಲೈನನ್ನೇ ಮುಟ್ಟಿದಂತೆ.

2015ರ ಜನವರಿಯಲ್ಲಿ ಅಗ್ಗದ ಎಲ್ಇಡಿ ಬಲ್ಬು ಹಂಚುವ ಕೇಂದ್ರ ಸರ್ಕಾರದ ಉಜಾಲ ಯೋಜನೆ ಶುರುವಾಯಿತು. ಸಗಟು ಖರೀದಿಯಲ್ಲಿ 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ದರ ಮೂರು ವರ್ಷದೊಳಗೆ 38 ರೂಪಾಯಿಗೆ ಇಳಿಯಿತು. ಕೋಟಿಗಟ್ಟಲೆ ಮನೆಗಳ ಕರೆಂಟು ಬಿಲ್ಲು ಇಳಿದದ್ದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಗ್ಗವಾಗುತ್ತ ಬಂದಂತೆ ಬಲ್ಬಿನ ಬಾಯಿ ಮುಚ್ಚಿತು. ಗುಮ್ಮಟವನ್ನು ಅಂಟಿಸಿದ್ದಾರೆ, ಸ್ಕ್ರೂ ಇಲ್ಲ. ಡ್ರೈವರನ್ನು ಎಲ್ಇಡಿಗಳಿರುವ ತಟ್ಟೆಯ ಮೇಲೆಯೇ ಕೂರಿಸಿದ್ದಾರೆ. ಅನೇಕ ಬಲ್ಬುಗಳಲ್ಲಿ ಕೆಡುವುದು ಒಂದೇ ಎಲ್ಇಡಿ. ಅದರ ನಡುವೆ ಕಪ್ಪು ಚುಕ್ಕೆ ಕಾಣಿಸುತ್ತದೆ, ಸಾಲು ತುಂಡಾಗಿ ಎಲ್ಲವೂ ಆರುತ್ತವೆ. ಒಂದು ಎಲ್ಇಡಿ ಬದಲಿಸಿದರೆ ಮತ್ತೆ ಉರಿಯಬಲ್ಲ ಬಲ್ಬು ಕಸದ ಬುಟ್ಟಿಗೆ ಬೀಳುತ್ತದೆ. ಸೀರಿಯಲ್ ಸೆಟ್ಟಿನಲ್ಲಿ ಇದೇ ದೋಷವನ್ನು ಹತ್ತು ವರ್ಷದ ಹುಡುಗ ಸರಿಮಾಡುತ್ತಿದ್ದ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ.

ಅಂಗಡಿಗಳೂ ಬದಲಾಗಿವೆ. ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್, ಸಿಸಿಟಿವಿ ಸಾಮಾನಿನ ವ್ಯಾಪಾರ ಹಿರಿದಾಯಿತು. ಆನ್‌ಲೈನಿನಲ್ಲಿ ಬಿಡಿಭಾಗ ಧಾರಾಳವಾಗಿ ಸಿಗುತ್ತದೆ, ಆದರೆ ಹತ್ತರ, ನೂರರ ಪ್ಯಾಕಿನಲ್ಲಿ. ಒಂದು ಬಿಡಿಭಾಗದ ಬೆಲೆಗಿಂತ ಅದನ್ನು ತರಿಸುವ ಖರ್ಚೇ ಹೆಚ್ಚು. ನಂಬರು ಸಿಗದಾಗ ಬದಲಿ ಹೇಳುವ ಮನುಷ್ಯ ಅಲ್ಲಿಲ್ಲ.

ದಾರಿ ಪೂರ್ತಿ ಮುಚ್ಚಿಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆ ಚೌಕಟ್ಟು ರೂಪಿಸಲು ಸಮಿತಿ ರಚಿಸಿತು. ಮೊಬೈಲ್, ವಾಹನ, ಕೃಷಿ ಯಂತ್ರಗಳ ಜೊತೆ ಗೃಹೋಪಯೋಗಿ ವಸ್ತುಗಳನ್ನೂ ಅದು ಗಮನಕ್ಕೆ ತಂದುಕೊಂಡಿತು. ದೀಪದ ಮಟ್ಟಿಗೆ ಆ ಹಕ್ಕಿಗೆ ಅರ್ಥ ಬರಬೇಕಾದರೆ ಮೂರು ಬದಲಾವಣೆ ಸಾಕು: ಅಂಟಿನ ಬದಲು ಸ್ಕ್ರೂ, ಬಿಚ್ಚಿ ತೆಗೆಯಬಹುದಾದ ಡ್ರೈವರ್, ಎಲ್ಲ ಕಂಪನಿಗಳ ಬಲ್ಬಿಗೂ ಹೊಂದುವ ಅಳತೆಯ ಎಲ್ಇಡಿ ತಟ್ಟೆ. ಈ ಮೂರೂ ಬಿಡಿಯಾಗಿ ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕರೆ ದುರಸ್ತಿಯೂ ಹೊಸ ದೀಪ ಕಟ್ಟುವುದೂ ಮತ್ತೆ ಸಾಮಾನ್ಯ ಕೆಲಸಗಳಾಗುತ್ತವೆ. ಈಗಲೂ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುತ್ತ ಬಿಡಿಭಾಗದ ಅಂಗಡಿಗಳು ಉಳಿದಿರುವುದು ಅಲ್ಲಿ ಕೊಳ್ಳುವ ಕೈಗಳಿವೆ ಎಂಬ ಕಾರಣಕ್ಕೆ. ಒಂದು ರೆಸಿಸ್ಟರನ್ನು ಬಿಡಿಯಾಗಿ ಮಾರುವುದರಲ್ಲಿ ಅಂಗಡಿಯವರಿಗೆ ಲಾಭ ಕಡಿಮೆ. ಅದನ್ನು ಕೊಂಡು ದೀಪ ಕಟ್ಟಿದವನು ಮುಂದೆ ಏನೆಲ್ಲ ಕಟ್ಟಬಲ್ಲ ಎಂಬುದಕ್ಕೆ ಅನಾನ್ ಊರಿನ ಆ ಕುಲುಮೆಯೇ ಸಾಕ್ಷಿ.